ಶಿವಮೊಗ್ಗದ ವಾರಾಂತ್ಯದ ಸಂವಿಧಾನ ಕ್ಲಾಸ್: ಸಂಪುಟದ ಪಾಠಕ್ಕೆ ಸೇರಿ, ನೋಟ್ಸ್ ನಂಬಿ ಸೇರಬೇಡಿ

ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿರುವವರು ಶಿವಮೊಗ್ಗದಲ್ಲಿ ಯಾವ ಕೋಚಿಂಗ್ ಒಳ್ಳೇದು ಅಂತ ಕೇಳುತ್ತಲೇ ಇರುತ್ತಾರೆ. ಪೂರಾ ಕೋರ್ಸ್ ಬಗ್ಗೆ ನಾನು ಹೇಳಲಾರೆ. ನಾನು ಸೇರಿದ್ದು ಶನಿವಾರ, ಭಾನುವಾರ ಮಾತ್ರ ನಡೆಯುವ ಸಂವಿಧಾನ ಬ್ಯಾಚ್‌ಗೆ. ದುರ್ಗಿಗುಡಿ ಕಡೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಹೆಸರು ಹಾಕುವುದಿಲ್ಲ, ಯಾಕಂದ್ರೆ ಕೆಳಗೆ ಒಂದಿಷ್ಟು ಬೈದಿದ್ದೇನೆ, ಒಂದೇ ಬ್ಯಾಚ್ ನೋಡಿ ಸಂಸ್ಥೆಯ ಹೆಸರು ಕೆಡಿಸುವುದು ಸರಿಯಲ್ಲ. ಬೇಕಾದವರು ಆ ಕಡೆ ಬನ್ನಿನ ವಾಸನೆ ಹಿಡಿದು ಹೋಗಿ, ಸಿಗುತ್ತೆ.

ಮೊದಲೇ ಹೇಳಿಬಿಡುತ್ತೇನೆ. ಸಚಿವ ಸಂಪುಟ ಹೇಗೆ ಕೆಲಸ ಮಾಡುತ್ತೆ ಅನ್ನುವ ಪಾಠಕ್ಕೆ ಐದಕ್ಕೆ ಐದು. ಉಳಿದ ಪಾಠಗಳಿಗೆ ಮೂರು. ನೋಟ್ಸ್‌ಗೆ ಒಂದು, ಅದೂ ಕಾಗದ ದಪ್ಪ ಇದೆ ಅಂತ. ಫೀಸು 4,500 ರೂಪಾಯಿ. ನೋಟ್ಸ್ ದುಡ್ಡು ಬೇರೆ, ಅದನ್ನು ಸೇರುವಾಗ ಹೇಳಲ್ಲ.

ಪಾಠ ಮಾಡುವವರು ವಿಧಾನಸೌಧದಲ್ಲಿ ಶಾಖಾಧಿಕಾರಿಯಾಗಿದ್ದು ನಿವೃತ್ತರಾದವರು, ತೀರ್ಥಹಳ್ಳಿ ಕಡೆಯವರು. ಕೋಚಿಂಗ್ ಮೇಷ್ಟ್ರುಗಳ ಹಾಗೆ ವಿಧಿಗಳ ಸಂಖ್ಯೆ ಹಾಡಿಸಲ್ಲ. ಮೊದಲ ಕ್ಲಾಸಿನಲ್ಲೇ ಮಂತ್ರಿಮಂಡಲದ ವಿಧಿಗಳು 74, 75, 163, 164 ಅಂತ ಬರೆದುಕೊಂಡು ಕಾಯುತ್ತಿದ್ದವರಿಗೆ ನಿರಾಸೆ. ಅವರು ತಂದಿದ್ದು ಒಂದು ಸರ್ಕಾರಿ ಆದೇಶದ ಜೆರಾಕ್ಸ್. ಎಲ್ಲರ ಕೈಗೂ ಒಂದೊಂದು ಕೊಟ್ಟು, ಕೆಳಗಿನಿಂದ ಮೇಲಕ್ಕೆ ಓದಿ ಅಂದರು.

ಕೆಳಗೆ ಏನಿರುತ್ತೆ? "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಇರುತ್ತೆ, ಅದರ ಕೆಳಗೆ ಯಾವುದೋ ಅಧೀನ ಕಾರ್ಯದರ್ಶಿಯ ಸಹಿ. ಮುಖ್ಯಮಂತ್ರಿ ಸಹಿ ಇಲ್ಲ. ಮಂತ್ರಿ ಸಹಿ ಇಲ್ಲ. ಹಾಗಾದ್ರೆ ತೀರ್ಮಾನ ಯಾರದ್ದು ಅಂತ ಕೇಳಿದರು. ಯಾರೋ ರಾಜ್ಯಪಾಲರದ್ದು ಅಂದರು, ಇನ್ಯಾರೋ ಅಧೀನ ಕಾರ್ಯದರ್ಶಿದು ಅಂದರು. ಆಮೇಲೆ ಮೇಲೆ "ಪ್ರಸ್ತಾವನೆ" ಅನ್ನುವ ಭಾಗ ಓದಿಸಿದರು. ಅಲ್ಲಿದೆ ನೋಡಿ ಕಥೆ. ಯಾವ ಅಧಿಕಾರಿ ಯಾವ ತಾರೀಕು ಪತ್ರ ಬರೆದ, ಆರ್ಥಿಕ ಇಲಾಖೆ ಏನಂತು, ಯಾವ ದಿನದ ಸಂಪುಟ ಸಭೆಯಲ್ಲಿ ಒಪ್ಪಿಗೆ ಆಯ್ತು, ಎಲ್ಲ. ಸರ್ಕಾರದ ಕೆಲಸ ರಾಜ್ಯಪಾಲರ ಹೆಸರಲ್ಲಿ ನಡೆಯಬೇಕು ಅಂತ ಹೇಳುವ 166ನೇ ವಿಧಿ ಆಗ ತಾನಾಗಿ ಬಂತು. ಸಂಖ್ಯೆ ಬಾಯಿಪಾಠ ಮಾಡಬೇಕಾಗಲೇ ಇಲ್ಲ.

ಇನ್ನೊಂದು ವಿಷಯ ಅಲ್ಲೇ ಸೇರಿಸಿದರು. ಸಂಪುಟ ಒಪ್ಪಿತು ಅಂತ ಟಿವಿಯಲ್ಲಿ ಬಂದ ಕೂಡಲೇ ನಮ್ಮೂರಿಗೆ ರಸ್ತೆ ಬಂತು ಅಂತ ಪಟಾಕಿ ಹೊಡೆಯುತ್ತಾರಲ್ಲ, ಅದು ಇನ್ನೂ ಆದೇಶವಲ್ಲ. ಮಂತ್ರಿ ಕಡತದ ಮೇಲೆ ಬರೆದದ್ದೂ ಆದೇಶವಲ್ಲ. ಅದು ಸರಿಯಾದ ರೂಪದಲ್ಲಿ ಆದೇಶವಾಗಿ ಹೊರಬಿದ್ದು, ಸಂಬಂಧಪಟ್ಟವರಿಗೆ ತಲುಪುವವರೆಗೆ ಸರ್ಕಾರ ಮನಸ್ಸು ಬದಲಿಸಬಹುದು ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಬಚಿತ್ತರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪರೀಕ್ಷೆಗೆ ಬರುತ್ತೋ ಇಲ್ವೋ ಗೊತ್ತಿಲ್ಲ, ತಾಲ್ಲೂಕು ಕಚೇರಿಗೆ ಅಲೆಯುವವರಿಗಂತೂ ಗೊತ್ತಿರಬೇಕಾದದ್ದು.

ಎರಡನೇ ಕ್ಲಾಸು ನಮ್ಮ ಭಾಗದ ಎರಡು ಸುದ್ದಿ ಇಟ್ಟುಕೊಂಡು. ಒಂದು, ಪಶ್ಚಿಮಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿ. ಕೇಂದ್ರ ಪರಿಸರ ಸಚಿವಾಲಯ 2024ರ ಜುಲೈ 31ಕ್ಕೆ ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸಿತು, ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ಜನ ಅಲ್ಲಿಗೆ ಮುಗೀತು ಅಂದುಕೊಂಡರು. ಮುಗಿಯಲಿಲ್ಲ. ರಾಜ್ಯ ಸಂಪುಟ ತಿರಸ್ಕರಿಸಿತು ಅಂದರೆ ರಾಜ್ಯದ ಅಭಿಪ್ರಾಯ ಇದು ಅಂತ ಕೇಂದ್ರಕ್ಕೆ ಹೇಳಿದ ಹಾಗೆ, ಅಷ್ಟೇ. ಅಂತಿಮ ಅಧಿಸೂಚನೆ ಹೊರಡಿಸುವ ಅಧಿಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಹತ್ತಿರವೇ ಇದೆ. ರಾಜ್ಯದ ಮಾತಿಗೆ ತೂಕ ಇಲ್ಲ ಅಂತಲ್ಲ. ಆದರೆ ಯಾವ ಸಂಪುಟದ ಕೈಯಲ್ಲಿ ಯಾವುದರ ಬೀಗ ಇದೆ ಅಂತ ತಿಳಿಯದೆ ಹೆಡ್‌ಲೈನ್ ಓದಿ ಪ್ರಯೋಜನ ಇಲ್ಲ.

ಎರಡನೆಯದು ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್. ಬ್ಯಾಚಿನಲ್ಲಿ ಭದ್ರಾವತಿಯ ಮೂವರಿದ್ದರು, ವಿಷಯ ತೆಗೆದ ಕೂಡಲೇ ರೂಮು ಬಿಸಿಯಾಯ್ತು. 2016ರಲ್ಲಿ ಈ ಕಾರ್ಖಾನೆಯ ಬಂಡವಾಳ ಹಿಂತೆಗೆತಕ್ಕೆ, ಅಂದರೆ ಸರ್ಕಾರದ ಪಾಲು ಮಾರುವುದಕ್ಕೆ, ತಾತ್ವಿಕ ಒಪ್ಪಿಗೆ ಕೊಟ್ಟದ್ದು ಸಂಸತ್ತಲ್ಲ, ಪೂರ್ತಿ ಸಂಪುಟವೂ ಅಲ್ಲ. ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ. ದುರ್ಗಾಪುರ, ಸೇಲಂ ಕಾರ್ಖಾನೆಗಳ ಜೊತೆ ನಮ್ಮದೂ ಪಟ್ಟಿಯಲ್ಲಿತ್ತು. ಕೇಂದ್ರದಲ್ಲಿ ದೊಡ್ಡ ತೀರ್ಮಾನಗಳು ಹೆಚ್ಚಾಗಿ ಆಗುವುದೇ ಇಂಥ ಸಮಿತಿಗಳಲ್ಲಿ. ಭದ್ರತೆಗೆ ಒಂದು, ನೇಮಕಾತಿಗೆ ಒಂದು, ರಾಜಕೀಯ ವ್ಯವಹಾರಕ್ಕೆ ಒಂದು. ಐದಾರು ಜನ ಕೂತು ಮಾಡಿದ ತೀರ್ಮಾನಕ್ಕೆ ಇಡೀ ಮಂತ್ರಿಮಂಡಲ ಜವಾಬ್ದಾರಿ. ರಾಜ್ಯದಲ್ಲಿ ಉಪಸಮಿತಿ ಅಂತ ಕೇಳುತ್ತೇವಲ್ಲ, ಅದರ ಹಣೆಬರಹ ಬೇರೆ. "ಸಂಪುಟ ಉಪಸಮಿತಿಗೆ ವಹಿಸಲಾಗಿದೆ ಅಂದರೆ, ಈ ವರ್ಷ ಆಗಲ್ಲ ಅಂತ ಓದಿಕೊಳ್ಳಿ" ಅಂದರು ಸರ್. ಅವರ ಅನುಭವದ ಮಾತು ಅದು, ಉತ್ತರಪತ್ರಿಕೆಯಲ್ಲಿ ಬರೆಯಬೇಡಿ.

ಈ ಬ್ಯಾಚಿಗೆ ದುಡ್ಡು ಕೊಟ್ಟಿದ್ದು ಸಾರ್ಥಕ ಆಗಿದ್ದು ಅಣಕು ಸಂಪುಟ ಸಭೆ ನಡೆದ ಭಾನುವಾರ.

ಬೆಂಚುಗಳನ್ನು ಎಳೆದು ಚೌಕ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಕೊಟ್ಟರು. ನನಗೆ ಬಂದಿದ್ದು ಕಾನೂನು. ಸಾಗರದ ಹುಡುಗ ಒಬ್ಬ ಮುಖ್ಯಮಂತ್ರಿ, ಅವನು ಆಗಲೇ ಅಂಗಿ ತೋಳು ಮಡಚಿಕೊಂಡ. ವಿಷಯ: ಮಲೆನಾಡಿನ ಹಳ್ಳಗಳಿಗೆ ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ. ಮಳೆಗಾಲದಲ್ಲಿ ಮಕ್ಕಳು ಅಡಿಕೆ ಮರದ ದಬ್ಬೆ ಮೇಲೆ ಜೀವ ಕೈಯಲ್ಲಿ ಹಿಡಿದು ದಾಟುವುದು ಪ್ರತಿವರ್ಷ ಪೇಪರಿನಲ್ಲಿ ಬರುತ್ತೆ ಅಲ್ವಾ, ಹಾಗಾಗಿ ಎಲ್ಲರಿಗೂ ಹುರುಪು. ಗ್ರಾಮೀಣಾಭಿವೃದ್ಧಿ ಮಂತ್ರಿಯಾದವರು ಎದ್ದು ನಿಂತು ಭಾಷಣ ಶುರು ಮಾಡಿದರು. ಸರ್ ಕೈ ಅಡ್ಡ ಹಿಡಿದರು. "ಟಿಪ್ಪಣಿ ಎಲ್ರೀ?"

ಟಿಪ್ಪಣಿ ಇರಲಿಲ್ಲ. ಸಭೆ ಮುಂದೂಡಿದರು. ತಮಾಷೆಗಲ್ಲ, ನಿಜವಾಗಿ ಮುಂದೂಡಿ, ಬೋರ್ಡಿನ ಮೇಲೆ ದಾರಿ ಬರೆದರು.

ಮೊದಲು, ಒಂದು ಹಳ್ಳಕ್ಕೆ ಒಂದು ಸಂಕ ಅಂದರೆ ಅದು ಸಂಪುಟಕ್ಕೆ ಬರುವುದೇ ಇಲ್ಲ, ಇಲಾಖೆ ಮಟ್ಟದಲ್ಲೇ ಮುಗಿಯುತ್ತೆ. ಇಡೀ ಮಲೆನಾಡಿಗೆ ಒಂದು ಯೋಜನೆ, ನೂರಾರು ಕೋಟಿ ಅಂದಾಗ ಬರುತ್ತೆ. ಯಾವುದು ಸಂಪುಟಕ್ಕೆ ಬರಬೇಕು, ಯಾವುದು ಮಂತ್ರಿ ಹಂತದಲ್ಲೇ ಆಗಬಹುದು ಅನ್ನುವುದಕ್ಕೆ 1977ರ ಕರ್ನಾಟಕ ಸರ್ಕಾರದ ವ್ಯವಹಾರ ನಿರ್ವಹಣಾ ನಿಯಮಗಳಿವೆ. ಹೊಸ ವಿಧೇಯಕ, ಸುಗ್ರೀವಾಜ್ಞೆ, ಅಧಿವೇಶನ ಕರೆಯುವುದು, ಇಲಾಖೆ ಇಲಾಖೆ ನಡುವೆ ಬಗೆಹರಿಯದ ತಕರಾರು, ಇಂಥದ್ದೆಲ್ಲ ಸಂಪುಟದ ಮುಂದೆ ಬರುತ್ತೆ. ಯಾವ ಕೆಲಸ ಯಾವ ಇಲಾಖೆಯದ್ದು ಅಂತ ಹೇಳಲು ಬೇರೆ ನಿಯಮಗಳು, ಅವೂ ಅದೇ ವರ್ಷದವು. ಕೇಂದ್ರದ್ದು ಎರಡೂ 1961ರವು.

ಆಮೇಲೆ ಟಿಪ್ಪಣಿ. ಸಂಬಂಧಪಟ್ಟ ಇಲಾಖೆ ಅದನ್ನು ತಯಾರಿಸುತ್ತೆ. ಹಿನ್ನೆಲೆ ಏನು, ಪ್ರಸ್ತಾವ ಏನು, ಎಷ್ಟು ಖರ್ಚು, ಬೇರೆ ಇಲಾಖೆಗಳು ಏನಂದವು, ಕೊನೆಗೆ ಸಂಪುಟ ಯಾವುದಕ್ಕೆ ಒಪ್ಪಬೇಕು. ದುಡ್ಡಿನ ವಿಷಯ ಇದ್ದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಕಾನೂನಿನ ತೊಡಕಿದ್ದರೆ ಕಾನೂನು ಇಲಾಖೆಯ ಅಭಿಪ್ರಾಯ. ಕೊನೆಗೆ ಮುಖ್ಯಮಂತ್ರಿ ಹೂಂ ಅಂದರೆ ವಿಷಯಪಟ್ಟಿಗೆ. ಮುಖ್ಯ ಕಾರ್ಯದರ್ಶಿಯೇ ಸಂಪುಟದ ಕಾರ್ಯದರ್ಶಿ, ಪಟ್ಟಿ ಹಂಚುವುದು, ನಡಾವಳಿ ಬರೆಯುವುದು ಅವರ ಕಡೆಯಿಂದ.

ಊಟ ಆದಮೇಲೆ ಮತ್ತೆ ಸೇರಿದೆವು, ಈ ಸಲ ಟಿಪ್ಪಣಿ ಸಮೇತ. ಆರ್ಥಿಕ ಮಂತ್ರಿಯಾಗಿದ್ದ ಆಯನೂರಿನ ಅಕ್ಕ ಒಬ್ಬರು ಒಂದೇ ಸಾಲು ಬರೆದಿದ್ದರು: ಈ ಸಾಲಿನ ಆಯವ್ಯಯದಲ್ಲಿ ಅನುದಾನ ಲಭ್ಯವಿಲ್ಲ. ಮುಗೀತು. ಅರ್ಧ ಗಂಟೆ ಎಲ್ಲರೂ ಸೇರಿ ಅವರ ಕಾಲಿಗೆ ಬೀಳುವುದೊಂದು ಬಾಕಿ. ಅವರು ಜಗ್ಗಲಿಲ್ಲ. ಅಷ್ಟರಲ್ಲಿ ಹೊಸನಗರದ ಹುಡುಗಿ, ಅವಳು ಅರಣ್ಯ ಮಂತ್ರಿ, ಇನ್ನೊಂದು ಕೊಕ್ಕೆ ಹಾಕಿದಳು. ಅರ್ಧಕ್ಕರ್ಧ ಸಂಕಗಳು ಬರುವ ಜಾಗ ಅರಣ್ಯ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಇಲ್ಲದೆ ರಾಜ್ಯ ಸಂಪುಟ ಒಪ್ಪಿದರೂ ಗುದ್ದಲಿ ಹಾಕುವ ಹಾಗಿಲ್ಲ ಅಂತ. ನಾನು ಕಾನೂನು ಮಂತ್ರಿಯಾಗಿ ಅದಕ್ಕೆ ಉತ್ತರ ಹುಡುಕಬೇಕಿತ್ತು. ನೋಟ್ಸ್ ತಿರುವಿದೆ, ಅದರಲ್ಲಿ ಏನೂ ಇರಲಿಲ್ಲ.

ಓಟಿಗೆ ಹಾಕೋಣ ಅಂದ ಸಾಗರದ ಮುಖ್ಯಮಂತ್ರಿ. ಸರ್ ನಕ್ಕರು. ಸಂಪುಟದಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲವಂತೆ. ಎಲ್ಲರ ಮಾತು ಕೇಳಿ, ಮುಖ್ಯಮಂತ್ರಿ ಕೊನೆಗೆ ಒಂದು ಮಾತು ಹೇಳುತ್ತಾರೆ, ಅದೇ ತೀರ್ಮಾನ. ಹತ್ತು ಜನ ಬೇಡ ಅಂದಿದ್ದರೂ ನಡಾವಳಿಯಲ್ಲಿ ಬರುವುದು ಸಂಪುಟ ಒಪ್ಪಿತು ಅಂತಲೇ. ಎಣಿಸಲು ಶುರು ಮಾಡಿದರೆ ಸೋತವರು ಹೊರಗೆ ಬಂದು ನಾನು ವಿರೋಧಿಸಿದ್ದೆ ಅಂತ ಹೇಳುತ್ತಾರೆ, ಅಲ್ಲಿಗೆ ಸರ್ಕಾರ ಎರಡಾಗುತ್ತೆ.

ಕೊನೆಗೆ ಹಂತ ಹಂತವಾಗಿ ಮಾಡೋಣ, ಮೊದಲು ಕಂದಾಯ ಭೂಮಿಯಲ್ಲಿ ಬರುವ ಸಂಕಗಳು ಅಂತ ತೀರ್ಮಾನ ಆಯ್ತು. ಹೊಸನಗರದ ಹುಡುಗಿ ಒಪ್ಪಲಿಲ್ಲ. ಕಾಡಿನೊಳಗಿನ ಮಕ್ಕಳಿಗೇ ಸಂಕ ಜಾಸ್ತಿ ಬೇಕಾಗಿರುವುದು, ಅವರನ್ನು ಬಿಟ್ಟು ಯಾವ ಸಂಕ ಅಂತ ಅವಳ ವಾದ, ನನಗಂತೂ ಅವಳೇ ಸರಿ ಅನ್ನಿಸಿತು. ಸರ್ ಅವಳಿಗೆ ಎರಡೇ ದಾರಿ ಕೊಟ್ಟರು. ಹೊರಗೆ ಹೋಗಿ ಈ ತೀರ್ಮಾನ ಸರಿಯಿದೆ ಅಂತ ಪತ್ರಕರ್ತರಿಗೆ ಹೇಳಬೇಕು, ಇಲ್ಲವಾದರೆ ರಾಜೀನಾಮೆ. ನಡುವಿನ ದಾರಿ ಇಲ್ಲ. ಅವಳು ನೋಟ್‌ಬುಕ್ಕಿನ ಹಾಳೆ ಹರಿದು ಎರಡು ಸಾಲು ಬರೆದು ಮುಖ್ಯಮಂತ್ರಿ ಕೈಗಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತಳು. ಎಲ್ಲರೂ ಚಪ್ಪಾಳೆ ಹೊಡೆದರು. ಮುಖ್ಯಮಂತ್ರಿಯ ಮುಖ ನೋಡಬೇಕಿತ್ತು.

ಸಾಮೂಹಿಕ ಹೊಣೆಗಾರಿಕೆ ಅಂತ ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೆನೋ. ಆವತ್ತು ತಲೆಗೆ ಹೋಯ್ತು. ಅದಾದ ಮೇಲೆ ಸರ್ ಹೇಳಿದ ಉದಾಹರಣೆಗಳು ಸುಮ್ನೆ ಹೆಸರುಗಳಾಗಿ ಉಳಿಯಲಿಲ್ಲ. ಹಿಂದೂಗಳ ಮದುವೆ, ಆಸ್ತಿ ಕಾನೂನು ಬದಲಿಸುವ ಹಿಂದೂ ಕೋಡ್ ಬಿಲ್ ವಿಷಯದಲ್ಲಿ ಸರ್ಕಾರ ಹಿಂದೇಟು ಹಾಕಿತು ಅಂತ 1951ರಲ್ಲಿ ಅಂಬೇಡ್ಕರ್ ಹೊರಬಂದರು. ಬಾಂಬೆಯನ್ನು ಮಹಾರಾಷ್ಟ್ರಕ್ಕೆ ಸೇರಿಸದೆ ಕೇಂದ್ರದ ಆಡಳಿತಕ್ಕೆ ಇಡುವ ವಿಷಯದಲ್ಲಿ 1956ರಲ್ಲಿ ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್ ಹೊರಬಂದರು. ಅದೇ ವರ್ಷ ಅರಿಯಲೂರು ರೈಲು ದುರಂತದ ನಂತರ ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ಬಿಟ್ಟದ್ದು ಬೇರೆ ತರಹದ್ದು, ಅದು ತನ್ನ ಖಾತೆಯ ಹೊಣೆ. ಈ ಎರಡು ತರಹದ ರಾಜೀನಾಮೆಯನ್ನೂ ಒಂದೇ ಅಂತ ಬರೆಯುವವರು ತುಂಬಾ ಜನ. ಬ್ರಿಟನ್ನಿನಲ್ಲಿ 2003ರಲ್ಲಿ ಇರಾಕ್ ಯುದ್ಧ ಒಪ್ಪದೆ ಮಂತ್ರಿ ರಾಬಿನ್ ಕುಕ್ ಸಂಪುಟ ಬಿಟ್ಟರು. ಆದರೆ ಅದೇ ಬ್ರಿಟನ್ 1975ರಲ್ಲಿ ಮತ್ತು 2016ರಲ್ಲಿ ಯುರೋಪಿನ ಜನಮತಗಣನೆ ಬಂದಾಗ ಮಂತ್ರಿಗಳಿಗೆ ನಿಮಗಿಷ್ಟ ಬಂದ ಕಡೆ ಪ್ರಚಾರ ಮಾಡಿ ಅಂತ ಬಿಟ್ಟಿತ್ತು. ನಿಯಮಕ್ಕೆ ಅಲ್ಲಿ ರಜೆ ಕೊಡುವುದೂ ಉಂಟು.

ಟೀ ಬಿಡುವಿನಲ್ಲಿ ಇನ್ನೊಂದು ತಮಾಷೆ ಆಯ್ತು. ಲೋಕೋಪಯೋಗಿ ಮಂತ್ರಿ ಕೆಳಗೆ ಬೇಕರಿಯಲ್ಲಿ ಪಕ್ಕದ ಇಂಗ್ಲಿಷ್ ಬ್ಯಾಚಿನವರಿಗೆ ಒಳಗೆ ನಡೆದ ಜಗಳ ಎಲ್ಲ ಹೇಳಿಬಿಟ್ಟಿದ್ದ. ವಾಪಸ್ ಬಂದ ಕೂಡಲೇ ಅವನನ್ನು ವಜಾ ಮಾಡಲಾಯಿತು. ಮಂತ್ರಿ ಎರಡು ಪ್ರಮಾಣ ತಗೋತಾರೆ, ಒಂದು ಅಧಿಕಾರದ್ದು, ಇನ್ನೊಂದು ಗೋಪ್ಯತೆಯದ್ದು, ಟಿವಿಯಲ್ಲಿ ಒಟ್ಟಿಗೆ ಓದುವುದರಿಂದ ನಮಗೆ ಒಂದೇ ಅನ್ನಿಸುತ್ತೆ. ಒಳಗೆ ಮನಸ್ಸು ಬಿಚ್ಚಿ ಜಗಳ ಆಡಬೇಕು ಅಂದರೆ ಹೊರಗೆ ಬಾಯಿ ಮುಚ್ಚಿರಬೇಕು. ಇದೂ ಅದೂ ಒಂದೇ ಹಗ್ಗದ ಎರಡು ತುದಿ.

ಹಾಗಂತ ಸಂಪುಟವನ್ನು ಸರ್ ಹೊಗಳಿ ಅಟ್ಟಕ್ಕೇರಿಸಲಿಲ್ಲ, ಅದು ನನಗೆ ಇಷ್ಟವಾಯ್ತು. ಸಂಪುಟ ಇದ್ದೂ ಇಲ್ಲದ ಹಾಗೆ ಆದ ಉದಾಹರಣೆಗೆ ಅವರು ತೆಗೆದುಕೊಂಡದ್ದು ತುರ್ತುಪರಿಸ್ಥಿತಿ. 1975ರ ಜೂನ್ 25ರ ರಾತ್ರಿ ಪ್ರಧಾನಿ ಸಲಹೆ ಮೇಲೆ ರಾಷ್ಟ್ರಪತಿ ಸಹಿ ಹಾಕಿ ಆಗಿತ್ತು. ಸಂಪುಟ ಸೇರಿದ್ದು ಮಾರನೇ ದಿನ ಬೆಳಗ್ಗೆ, ಆದದ್ದಕ್ಕೆ ಒಪ್ಪಿಗೆ ಕೊಡಲು. ನಾವು ಪೇಪರಿನಲ್ಲಿ ಓದುವ ಘಟನೋತ್ತರ ಅನುಮೋದನೆ ಅನ್ನುವುದರ ಅತಿ ದೊಡ್ಡ ರೂಪ ಅದು. ಅದಕ್ಕೇ 1978ರ 44ನೇ ತಿದ್ದುಪಡಿಯಲ್ಲಿ ಸಂಪುಟದ ತೀರ್ಮಾನ ಬರಹದಲ್ಲಿ ಬರದೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ ಅಂತ ಸೇರಿಸಿದರು. ಸಂಪುಟದ ಸಲಹೆಯನ್ನು ಮರುಪರಿಶೀಲನೆಗೆ ಒಂದು ಸಲ ವಾಪಸ್ ಕಳಿಸುವ ಅವಕಾಶವನ್ನು ರಾಷ್ಟ್ರಪತಿಗೆ ಕೊಟ್ಟದ್ದೂ ಅದೇ ತಿದ್ದುಪಡಿ. 1997ರಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹಾಕಬೇಕು ಅಂತ ಕೇಂದ್ರ ಸಂಪುಟ ಹೇಳಿದಾಗ ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅದನ್ನೇ ಮಾಡಿದರು, ಸಂಪುಟ ಮತ್ತೆ ಒತ್ತಾಯಿಸಲಿಲ್ಲ.

ಇನ್ನು ನಮ್ಮ ಜಿಲ್ಲೆ. ಶಿವಮೊಗ್ಗದಲ್ಲಿ ಕೂತು ಮುಖ್ಯಮಂತ್ರಿಗಳ ಬಗ್ಗೆ ಪಾಠ ಮಾಡುವಾಗ ಹೊರಗಿನ ಉದಾಹರಣೆ ಹುಡುಕಬೇಕಾಗಿಲ್ಲ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ, ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಚನ್ನಗಿರಿಯ ಜೆ.ಎಚ್. ಪಟೇಲ್. ಕಡಿದಾಳ್ ಮಂಜಪ್ಪನವರು 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಮಾತ್ರ ಮುಖ್ಯಮಂತ್ರಿ, ಮಾರನೇ ದಿನ ಹೊಸ ಮೈಸೂರು ರಾಜ್ಯ ಬಂತು, ನಿಜಲಿಂಗಪ್ಪ ಬಂದರು. ಸರ್ ತೀರ್ಥಹಳ್ಳಿಯವರಲ್ವಾ, ಇದನ್ನು ಹೇಳುವಾಗ ಸ್ವಲ್ಪ ನಿಧಾನ ಮಾಡಿದರು.

ಯಡಿಯೂರಪ್ಪನವರ ಉದಾಹರಣೆ ಪರೀಕ್ಷೆಗೆ ನೇರ ಉಪಯೋಗಕ್ಕೆ ಬರುತ್ತೆ. 2019ರ ಜುಲೈ 26ಕ್ಕೆ ಅವರೊಬ್ಬರೇ ಪ್ರಮಾಣವಚನ ತೆಗೆದುಕೊಂಡರು, 17 ಮಂತ್ರಿಗಳು ಸೇರಿದ್ದು ಆಗಸ್ಟ್ 20ಕ್ಕೆ. ನಡುವೆ ದೊಡ್ಡ ನೆರೆ ಬಂತು. ಮೂರು ವಾರಕ್ಕಿಂತ ಜಾಸ್ತಿ ದಿನ ಮಂತ್ರಿಮಂಡಲ ಅಂದರೆ ಒಬ್ಬರೇ. ಸಂವಿಧಾನದ 164ನೇ ವಿಧಿಗೆ 2003ರ 91ನೇ ತಿದ್ದುಪಡಿ ಸೇರಿಸಿದ ಭಾಗ ಏನು ಹೇಳುತ್ತೆ? ಮಂತ್ರಿಗಳ ಸಂಖ್ಯೆ ಮುಖ್ಯಮಂತ್ರಿ ಸೇರಿ ವಿಧಾನಸಭೆಯ ಬಲದ ಶೇ. 15 ದಾಟಬಾರದು, 12 ಜನಕ್ಕಿಂತ ಕಡಿಮೆಯೂ ಇರಬಾರದು. ಸಾಮೂಹಿಕ ಹೊಣೆ ಅಂತ ಹೇಳಲು ಇನ್ನೊಬ್ಬರು ಬೇಡವಾ ಅಂತ ಸರ್ ಕೇಳಿದರು. ಬ್ಯಾಚಿನಲ್ಲಿ ಶಿಕಾರಿಪುರದವರು ಇದ್ದರು, ಸರ್ಕಾರ ರಚನೆಯಾದ ತಕ್ಷಣ ಎಲ್ಲರನ್ನೂ ತುಂಬಬೇಕು ಅಂತ ಎಲ್ಲಿದೆ ಅಂತ ತಿರುಗಿ ಕೇಳಿದರು. ಚರ್ಚೆ ಚೆನ್ನಾಗಿತ್ತು. 2021ರ ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟಾಗ ಮಂತ್ರಿಗಳೆಲ್ಲರ ಸ್ಥಾನವೂ ಹೋಯ್ತು, ಯಾರೂ ಬೇರೆ ರಾಜೀನಾಮೆ ಬರೆಯಬೇಕಾಗಲಿಲ್ಲ. ಎರಡು ದಿನ ಬಿಟ್ಟು ಬಸವರಾಜ ಬೊಮ್ಮಾಯಿ ಪ್ರಮಾಣ ತಗೊಂಡರು, ಹೊಸ ಮಂತ್ರಿಗಳು ಬಂದದ್ದು ಆಗಸ್ಟ್ 4ಕ್ಕೆ. ಮುಖ್ಯಮಂತ್ರಿ ಬಿದ್ದರೆ ಮನೆಯೇ ಬಿದ್ದ ಹಾಗೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾ?

ಹಳೇ ಮೈಸೂರಿನ ಭಾಗವನ್ನು ಅವರು ಬೇಗ ಮುಗಿಸಿದರು, ಆದರೂ ಹೇಳಬೇಕಾದ್ದು ಹೇಳಿದರು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧಾಯಕ ಸಭೆ ಇತ್ತು ಅಂತ ನಾವು ಹೆಮ್ಮೆ ಪಡುತ್ತೇವೆ. ಅಲ್ಲಿ ಪ್ರಶ್ನೆ ಕೇಳಬಹುದಿತ್ತು, ದಿವಾನರನ್ನು ಇಳಿಸಲು ಆಗುತ್ತಿರಲಿಲ್ಲ. ದಿವಾನರು ಉತ್ತರ ಹೇಳಬೇಕಾದ್ದು ಮಹಾರಾಜರಿಗೆ. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಸರ್ಕಾರ ಬಂದಾಗ ಅದನ್ನು ಜವಾಬ್ದಾರಿ ಸರ್ಕಾರ ಅಂತ ಕರೆದದ್ದು ಇದಕ್ಕೇ. ಅದಕ್ಕೂ ಐದು ವರ್ಷ ಮುಂಚೆ ನಮ್ಮ ಈಸೂರಿನವರು ಯಾರನ್ನೂ ಕೇಳದೆ ಸ್ವಂತ ಸರ್ಕಾರ ಘೋಷಿಸಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದ್ದರು. ಸರ್ ಇದನ್ನು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ, ಹೇಳಬೇಕಿತ್ತು.

ಈಗ ಬೈಗುಳ.

ನೋಟ್ಸ್. ದಪ್ಪ ಸ್ಪೈರಲ್ ಬೈಂಡಿಂಗ್, 350 ರೂಪಾಯಿ. ಸರ್ ಬರೆದದ್ದಲ್ಲ, ಸಂಸ್ಥೆಯವರು ಎಲ್ಲಿಂದಲೋ ಎತ್ತಿದ್ದು. ವಿಧಾನಸಭೆಯ ಬಲ 225 ಅಂತ ಇನ್ನೂ ಇದೆ. ಆಂಗ್ಲೋ ಇಂಡಿಯನ್ ನಾಮನಿರ್ದೇಶನ 2020ರಲ್ಲೇ ನಿಂತಿದೆ, ಈಗ 224. ಮಂತ್ರಿಗಳ ಮಿತಿ ಹೇಗೂ 34ಕ್ಕೇ ನಿಲ್ಲುತ್ತೆ ಅನ್ನಿ, ಆದರೆ ಪರೀಕ್ಷೆಯಲ್ಲಿ 225 ಅಂತ ಟಿಕ್ ಹಾಕಿದರೆ ಅಂಕ ಯಾರು ಕೊಡ್ತಾರೆ? ಇನ್ನೊಂದು ಕಡೆ ಉಪಮುಖ್ಯಮಂತ್ರಿ ಅನ್ನುವುದು ಸಾಂವಿಧಾನಿಕ ಹುದ್ದೆ ಅಂತ ಬರೆದಿದ್ದಾರೆ. ಅಲ್ಲ. ಸಂವಿಧಾನದಲ್ಲಿ ಆ ಹುದ್ದೆಯೇ ಇಲ್ಲ, ಅವರೂ ಒಬ್ಬ ಮಂತ್ರಿ. 1989ರಲ್ಲಿ ದೇವಿಲಾಲ್ ಉಪಪ್ರಧಾನಿ ಅಂತಲೇ ಪ್ರಮಾಣ ಓದಿದ್ದು ಸುಪ್ರೀಂ ಕೋರ್ಟಿಗೂ ಹೋಗಿತ್ತು, ಹಾಗೆ ಕರೆದುಕೊಂಡ ಮಾತ್ರಕ್ಕೆ ಮಂತ್ರಿಗಿಂತ ಹೆಚ್ಚಿನ ಅಧಿಕಾರ ಬರಲ್ಲ ಅಂತ ಆಯ್ತು.

ಟೆಸ್ಟ್ ಪೇಪರಿನ ಕೀ ಉತ್ತರವೂ ಹಾಗೇ. ಶಾಸಕರಲ್ಲದವರು ಮಂತ್ರಿ ಆಗಬಹುದೇ ಅನ್ನುವ ಪ್ರಶ್ನೆಗೆ ಇಲ್ಲ ಅಂತ ಕೊಟ್ಟಿದ್ದರು. ಆಗಬಹುದು, ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಆಯ್ಕೆಯಾಗಬೇಕು. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಸಂಸತ್ತಿನ ಸದಸ್ಯರಾಗಿರಲಿಲ್ಲ, ಆಮೇಲೆ ರಾಜ್ಯಸಭೆಗೆ ಹೋದರು. ಕರ್ನಾಟಕದಲ್ಲಿ ಕೂತು ಈ ಪ್ರಶ್ನೆಗೆ ತಪ್ಪು ಉತ್ತರ ಅಂದರೆ ಏನು ಹೇಳೋಣ. ಆರು ತಿಂಗಳು ಮುಗಿದ ಮೇಲೆ ರಾಜೀನಾಮೆ ಕೊಟ್ಟು ಮತ್ತೆ ಹೊಸದಾಗಿ ಆರು ತಿಂಗಳು ಅನ್ನುವ ಆಟ ನಡೆಯಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನೋಟ್ಸಿನಲ್ಲಿಲ್ಲ. ಕೌಂಟರಿನಲ್ಲಿ ತೋರಿಸಿದೆ. ಮುಂದಿನ ಪ್ರಿಂಟಿನಲ್ಲಿ ಸರಿಮಾಡ್ತೀವಿ ಅಂದರು. ಈ ಪ್ರಿಂಟಿನ ದುಡ್ಡು?

ಸರ್ಕಾರ ಬೀಳುವ ಪಾಠ ಕೂಡ ಅವಸರದಲ್ಲಿ ಮುಗಿಯಿತು, ಕೊನೇ ದಿನ ಅಂತ. 1999ರಲ್ಲಿ ವಾಜಪೇಯಿ ಒಂದೇ ಮತದಿಂದ ಸೋತದ್ದು, 2019ರ ಜುಲೈನಲ್ಲಿ ಕುಮಾರಸ್ವಾಮಿ 99ಕ್ಕೆ 105 ಅಂತ ಸೋತದ್ದು, ಹೀಗೆ ಅಂಕಿ ಹೇಳಿಕೊಂಡು ಹೋದರು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು, ಅದರ ಮೇಲೆ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲೇ, ರಾಜಭವನದಲ್ಲಲ್ಲ ಅಂತ ಹೇಳಿದ್ದು, ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಬೇಕಿತ್ತು. ಇಪ್ಪತ್ತು ನಿಮಿಷ ಕೊಟ್ಟರು. ಅಷ್ಟರಲ್ಲಿ ಕರೆಂಟೂ ಹೋಯ್ತು.

ರೂಮಿನ ಬಗ್ಗೆ ಹೇಳಬೇಕು ಅಂದರೆ, ಮಳೆಗಾಲದಲ್ಲಿ ಕಿಟಕಿ ಪಕ್ಕ ಕೂರಬೇಡಿ, ಎರಚಲು ಹೊಡೆಯುತ್ತೆ. ಯುಪಿಎಸ್ ಇದೆ ಅಂತ ಬೋರ್ಡಿನಲ್ಲಿದೆ, ಲೈಟಿಗೆ ಮಾತ್ರ, ಫ್ಯಾನಿಗೆ ಇಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯ ಕೆಳಗಿನ ಮಹಡಿಯಲ್ಲಿ, ಬೀಗದ ಕೈ ಬೇಕರಿಯವರ ಹತ್ತಿರ, ಪ್ರತಿಸಲ ಕೇಳಿ ತರಬೇಕು, ಇದು ನಾಚಿಕೆಗೇಡು. ಕ್ಲಾಸು ಐದಕ್ಕೆ ಬಿಡಬೇಕು, ಬಿಡುವುದು ಐದೂವರೆಗೆ. ಹೊಸನಗರ, ರಿಪ್ಪನ್‌ಪೇಟೆ ಕಡೆಯವರು ಬಸ್ಸು ತಪ್ಪಿಸಿಕೊಂಡು ಒದ್ದಾಡುತ್ತಾರೆ. ಅಣಕು ಸಭೆಯ ದಿನ ಅವರೇ ಐದಕ್ಕೆ ಎದ್ದು ಹೋಗಲಿಲ್ಲ ಅನ್ನುವುದು ಬೇರೆ ಮಾತು.

ಸೇರುವವರು ಹೀಗೆ ಮಾಡಿ. ಕೋರ್ಸ್ ಫೀಸು ಮಾತ್ರ ಕಟ್ಟಿ, ನೋಟ್ಸ್ ಕಡ್ಡಾಯ ಅಂದರೆ ಬೇಡ ಅನ್ನಿ, ಬೇಡ ಅಂದರೆ ಬಿಡುತ್ತಾರೆ. ಸಂವಿಧಾನದ ಕನ್ನಡ ಪ್ರತಿ ಒಂದು ಇಟ್ಟುಕೊಳ್ಳಿ, 163ರಿಂದ 167ರವರೆಗೆ ಮೊದಲೇ ಓದಿಕೊಂಡು ಹೋಗಿ. ಯಾವ ಬ್ಯಾಚಿಗೆ ಆ ನಿವೃತ್ತ ಸರ್ ಬರುತ್ತಾರೆ ಅಂತ ಖಾತ್ರಿ ಮಾಡಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡಿ, ವಾರದ ದಿನಗಳ ಬ್ಯಾಚಿಗೆ ಬೇರೆಯವರು ಬರುತ್ತಾರಂತೆ. ಅಣಕು ಸಭೆಯಲ್ಲಿ ಖಾತೆ ಹಂಚುವಾಗ ಆರ್ಥಿಕ ಇಲಾಖೆ ಕೇಳಿ ತಗೊಳ್ಳಿ. ಒಂದು ಸಾಲು ಬರೆದು ದಿನವಿಡೀ ಆರಾಮಾಗಿ ಕೂರಬಹುದು.